ಹಳೆಯ ಡೆಸ್ಕ್‌ಟಾಪ್‌ಗೆ ಮೊದಲು ಏನು ಮಾಡಬೇಕು?

ಪ್ರಶ್ನೆ: ಗುಜರಿಯಲ್ಲಿ ಸಿಕ್ಕ ಕೋರ್ 2 ಡ್ಯುಯೊ ಎಂಬ ಹಳೆಯ ಪ್ರೊಸೆಸರಿನ ಡೆಸ್ಕ್‌ಟಾಪನ್ನು ಹವ್ಯಾಸಕ್ಕಾಗಿ ಸುಧಾರಿಸುತ್ತಿದ್ದೇನೆ. ಪ್ಲಗ್ ತೆಗೆದು ಮತ್ತೆ ಹಾಕಿದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗಿರುತ್ತದೆ, ಬೇಗ ಬಿಸಿಯೂ ಆಗುತ್ತದೆ. ಏನೇನು ಬದಲಿಸಲಿ?
– ಓದುಗರೊಬ್ಬರು, ಶಹಾಬಾದ್, ಕಲಬುರಗಿ ಜಿಲ್ಲೆ

ಉತ್ತರ: ದಿನಾಂಕ ತಪ್ಪುವುದಕ್ಕೆ ಸಾಮಾನ್ಯವಾಗಿ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡಿನಲ್ಲಿರುವ, ನಾಣ್ಯದಾಕಾರದ 3 ವೋಲ್ಟ್ ಸೆಲ್ ಮುಗಿದಿರುವುದೇ ಕಾರಣ, ಸಿಆರ್ 2032 ಎಂದು ಕೇಳಿ ತನ್ನಿರಿ. ಬಿಸಿಯ ವಿಷಯಕ್ಕೆ ಬಂದರೆ, ನಿಮ್ಮೂರಿನ ಕಲ್ಲಿನ ಧೂಳು ಪ್ರೊಸೆಸರಿನ ಬಿಸಿ ಹೀರುವ ಲೋಹದ ಹೀಟ್‌ಸಿಂಕಿನ ಸಂದುಗಳಲ್ಲಿ ಮೆತ್ತಿಕೊಂಡಿರಬಹುದು. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ಧೂಳನ್ನು ತೆಗೆಯಿರಿ; ಪ್ರೊಸೆಸರ್ ಮೇಲೆ ಒಣಗಿ ಬಿರುಕುಬಿಟ್ಟ, ಶಾಖ ಸಾಗಿಸುವ ಪೇಸ್ಟನ್ನು ಪೂರ್ತಿ ಒರೆಸಿ, ತೊಗರಿ ಕಾಳಿನಷ್ಟೇ ಹೊಸ ಪೇಸ್ಟ್ ಇಡಿರಿ. ರ್‍ಯಾಮ್ (ಕೆಲಸದ ವೇಳೆಯ ಮೆಮೊರಿ) ಕೊಳ್ಳುವ ಮುನ್ನ ಬೋರ್ಡ್ ಡಿಡಿಆರ್ 2 ಬಗೆಯದೋ ಡಿಡಿಆರ್ 3 ಬಗೆಯದೋ ನೋಡಿರಿ, ಏಕೆಂದರೆ ಎರಡರ ಕಚ್ಚುಗಳು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಣ ಸ್ವಲ್ಪವೇ ಇದ್ದರೆ ಅದನ್ನು ಹಾರ್ಡ್ ಡಿಸ್ಕಿನ ಬದಲು ಹಾಕುವ, ಅದಕ್ಕಿಂತ ವೇಗದ ಸಾಟಾ ಎಸ್‌ಎಸ್‌ಡಿಗೆ ಖರ್ಚು ಮಾಡುವುದೇ ಮೇಲು. ಮೂಲ ಕ್ಯಾಬಿನೆಟ್ಟನ್ನು ಮಾತ್ರ ದಯವಿಟ್ಟು ಕೊರೆಯಬೇಡಿರಿ.