ಕಂಪ್ಯೂಟರ್ ತೆರೆದರೆ ಫೋನಿನಲ್ಲಿ ಮೇಲ್ ಮಾಯ!

ಪ್ರಶ್ನೆ: ನಮ್ಮದು ಅಗರಬತ್ತಿ ತಯಾರಿಸುವ ಸಣ್ಣ ಘಟಕ. ಘಟಕದ ಹೆಸರಿನಲ್ಲೇ ಡೊಮೇನ್, ಅಂದರೆ ಇಂಟರ್‌ನೆಟ್ ವಿಳಾಸ ತಗೊಂಡು ಇಮೇಲ್ ಮಾಡಿಸಿದ್ದೇವೆ. ಬೆಳಿಗ್ಗೆ ಮನೆಯಲ್ಲಿ ಫೋನಿನಲ್ಲಿ ಕಂಡ ಆರ್ಡರ್ ಮೇಲ್, ಆಫೀಸಿಗೆ ಹೋಗಿ ಔಟ್‌ಲುಕ್ ತೆರೆದ ಮೇಲೆ ಫೋನಿನಲ್ಲಿ ಇರುವುದೇ ಇಲ್ಲ. ಯಾರಾದರೂ ಹ್ಯಾಕ್ ಮಾಡಿರಬಹುದಾ?
– ಓದುಗರು, ಮಂಡಿ ಮೊಹಲ್ಲಾ, ಮೈಸೂರು

ಉತ್ತರ: ಗಾಬರಿ ಬೇಡ, ನೀವು ಹೇಳಿದ್ದು ನೋಡಿದರೆ ಇದು ಹ್ಯಾಕ್ ಅಲ್ಲ. ಆದರೂ ಒಂದು ಸಲ ಖಚಿತ ಮಾಡಿಕೊಳ್ಳಿ. ಮೇಲ್ ತೊಂದರೆ ಅಂತ ಯಾರು ಕೇಳಿದರೂ ನಾನು ಮೊದಲು ಕೇಳುವುದು ಒಂದೇ: ವೆಬ್‌ಮೇಲ್‌ನಲ್ಲಿ ನೋಡಿದಿರಾ? ಅಂದರೆ ಔಟ್‌ಲುಕ್ ಬೇಡ, ಫೋನಿನ ಆ್ಯಪ್ ಬೇಡ, ನೇರವಾಗಿ ಬ್ರೌಸರ್‌ನಲ್ಲಿ ಲಾಗಿನ್ ಆಗಿ ನೋಡುವುದು. ಮೇಲ್ ಕಂಪನಿಯವರ ಕಂಪ್ಯೂಟರ್, ಅಂದರೆ ಸರ್ವರ್‌ನಲ್ಲಿ ನಿಜವಾಗಿ ಏನಿದೆ ಅನ್ನುವುದು ಅಲ್ಲಿ ಮಾತ್ರ ಗೊತ್ತಾಗುತ್ತದೆ. ನಿಮ್ಮ ಮೇಲ್ ಅಲ್ಲೂ ಇಲ್ಲದೆ, ಆಫೀಸಿನ ಔಟ್‌ಲುಕ್‌ನಲ್ಲಿ ಮಾತ್ರ ಇದ್ದರೆ ಕಾರಣ ಪಾಪ್.

ಪಾಪ್ ಅನ್ನುವುದು ಮೇಲ್ ತರಿಸಿಕೊಳ್ಳುವ ಹಳೆಯ ವಿಧಾನ. ಅಂಚೆ ಡಬ್ಬಿಯಿಂದ ಕಾಗದ ತೆಗೆದು ಮನೆಗೆ ತಗೊಂಡು ಹೋದ ಹಾಗೆ. ಡಬ್ಬಿ ಖಾಲಿಯಾಗುತ್ತದೆ. ನಿಮ್ಮ ಫೋನು ನೋಡುತ್ತಿರುವುದು ಆ ಖಾಲಿ ಡಬ್ಬಿಯನ್ನು. ಐಮ್ಯಾಪ್ ಹಾಗಲ್ಲ. ಮೇಲ್ ಸರ್ವರ್‌ನಲ್ಲೇ ಉಳಿಯುತ್ತದೆ, ಫೋನು, ಕಂಪ್ಯೂಟರ್ ಎರಡೂ ಅಲ್ಲಿಂದಲೇ ತೋರಿಸುತ್ತವೆ. ಒಂದು ಕಡೆ ಓದಿದರೆ ಇನ್ನೊಂದು ಕಡೆಯೂ ಓದಿದ್ದು ಅಂತಲೇ ಕಾಣುತ್ತದೆ.

ಫೋನಿನಲ್ಲಿ ಕಾಣಲಿಲ್ಲ ಅನ್ನುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಈಗ ನಿಮ್ಮ ಹಳೆಯ ಮೇಲ್ ಪೂರ್ತಿ ಇರುವುದು ಆ ಒಂದು ಕಂಪ್ಯೂಟರ್‌ನ ಹಾರ್ಡ್ ಡಿಸ್ಕಿನಲ್ಲಿ. ಶಿವರಾಂಪೇಟೆಯ ಒಂದು ಅಂಗಡಿಗೆ ನಾನು ಹೋದಾಗ ಮಾಲೀಕರು ಸತ್ತ ಹಾರ್ಡ್ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಆರ್ಡರ್, ಬಿಲ್, ವಿಳಾಸ ಎಲ್ಲ ಅದರೊಳಗೆ. ವೆಬ್‌ಮೇಲ್ ತೆರೆದು ನೋಡಿದರೆ ಅವತ್ತು ಬೆಳಿಗ್ಗೆ ಬಂದ ಮೂರು ಮೇಲ್ ಬಿಟ್ಟರೆ ಏನೂ ಇರಲಿಲ್ಲ. ನಿಮಗೆ ಹಾಗೆ ಆಗಬಾರದು.

ಇವತ್ತೇ ಔಟ್‌ಲುಕ್‌ನ ಅಕೌಂಟ್ ಸೆಟ್ಟಿಂಗ್‌ನಲ್ಲಿ, ಸರ್ವರ್‌ನಲ್ಲಿ ಒಂದು ಪ್ರತಿ ಉಳಿಸು ಎಂಬ ಆಯ್ಕೆಗೆ ಟಿಕ್ ಹಾಕಿ. ಅದರ ಕೆಳಗೆ ಇಷ್ಟು ದಿನ ಆದ ಮೇಲೆ ಸರ್ವರ್‌ನಿಂದ ತೆಗೆ ಅಂತ ಇನ್ನೊಂದು ಟಿಕ್ ಇರುತ್ತದೆ, ಅದನ್ನು ತೆಗೆಯಿರಿ. ಆಮೇಲೆ ಬಿಡುವಾದಾಗ ಅದೇ ವಿಳಾಸವನ್ನು ಐಮ್ಯಾಪ್ ಆಗಿ ಹೊಸದಾಗಿ ಸೇರಿಸಿ. ಹಳೆ ಅಕೌಂಟ್ ಅಳಿಸಬೇಡಿ. ಮೊದಲು ಔಟ್‌ಲುಕ್ ಮೇಲ್‌ಗಳನ್ನೆಲ್ಲ ಕೂಡಿಟ್ಟಿರುವ ಪಿಎಸ್‌ಟಿ ಫೈಲನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಹಳೆ ಫೋಲ್ಡರ್‌ನಿಂದ ಮೇಲ್‌ಗಳನ್ನು ಸ್ವಲ್ಪ ಸ್ವಲ್ಪವೇ ಹೊಸದಕ್ಕೆ ಎಳೆದು ಹಾಕಿ. ವೆಬ್‌ಮೇಲ್‌ನಲ್ಲಿ ಅವು ಬಂದಿವೆಯಾ ನೋಡಿಕೊಳ್ಳಿ. ನಿಮ್ಮ ಪ್ಯಾಕೇಜಿನಲ್ಲಿ ಅಷ್ಟು ಜಾಗ ಇದೆಯಾ ಅಂತಲೂ ಇಮೇಲ್ ಕೊಟ್ಟ ಕಂಪನಿಯನ್ನು ಮೊದಲೇ ಕೇಳಿ. ಡಬ್ಬಿ ತುಂಬಿದರೆ ಹೊಸ ಮೇಲ್ ಒಳಗೆ ಬರುವುದಿಲ್ಲ.

ಅಕೌಂಟ್ ಸೇರಿಸುವಾಗ ಪೋರ್ಟ್, ಅಂದರೆ ಸರ್ವರ್‌ನ ಬಾಗಿಲಿನ ನಂಬರ್ ಕೇಳುತ್ತದೆ. ಐಮ್ಯಾಪ್‌ಗೆ ಪೋರ್ಟ್ 993. ಕಳಿಸುವುದಕ್ಕೆ 465 ಅಥವಾ 587. ಯೂಸರ್‌ನೇಮ್ ಕೇಳಿದ ಕಡೆ ಸಾಮಾನ್ಯವಾಗಿ ಪೂರ್ತಿ ಇಮೇಲ್ ವಿಳಾಸವನ್ನೇ ಹಾಕಬೇಕು. ಮೇಲ್ ಬರುತ್ತದೆ, ಆದರೆ ಕಳಿಸಲು ಆಗುತ್ತಿಲ್ಲ ಅನ್ನುವವರು ಎರಡು ವಿಷಯ ನೋಡಿ: ಕಳಿಸುವ ಸರ್ವರ್‌ಗೂ ಪಾಸ್‌ವರ್ಡ್ ಬೇಕು ಎಂಬ ಟಿಕ್ ಬಿಟ್ಟುಹೋಗಿರಬಹುದು, ಇಲ್ಲವೇ ಪೋರ್ಟ್ 25 ಅಂತ ಇರಬಹುದು. ಎಷ್ಟೋ ಇಂಟರ್‌ನೆಟ್ ಕಂಪನಿಗಳು 25ನ್ನು ತಡೆಯುತ್ತವೆ.

ಪ್ರಶ್ನೆ: ಬೆಲ್ಲದ ವ್ಯಾಪಾರ ನಮ್ಮದು. ಹೋದ ತಿಂಗಳು ನಮ್ಮ ಮೇಲ್ ನಡೆಸುವ ಹೋಸ್ಟಿಂಗ್ ಕಂಪನಿ ಬದಲಾಯಿಸಿದೆವು. ಅವತ್ತಿನಿಂದ ಜಿಮೇಲ್ ಇರುವ ಗಿರಾಕಿಗಳಿಗೆ ಬಿಲ್ ಕಳಿಸಿದರೆ ಸ್ಪ್ಯಾಮ್‌ಗೆ ಹೋಗುತ್ತದೆ. ಕೆಲವು 550 5.7.26 ಎಂಬ ನಂಬರ್ ಹೊತ್ತು ವಾಪಸ್ ಬರುತ್ತವೆ. ನಾವು ಯಾರಿಗೂ ಸುಮ್ನೆ ಜಾಹೀರಾತು ಕಳಿಸುವವರಲ್ಲ.
– ಓದುಗರು, ಮಂಡ್ಯ

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಆ ನಂಬರಿನಲ್ಲೇ ಉತ್ತರ ಇದೆ. ವಾಪಸ್ ಬಂದ ಮೇಲ್‌ನಲ್ಲಿ 4ರಿಂದ ಶುರುವಾಗುವ ನಂಬರ್ ಇದ್ದರೆ ತೊಂದರೆ ತಾತ್ಕಾಲಿಕ, ಸರ್ವರ್ ತಾನೇ ಮತ್ತೆ ಕಳಿಸಿ ನೋಡುತ್ತದೆ. 5ರಿಂದ ಶುರುವಾದರೆ ಸಾರಾಸಗಟು ತಿರಸ್ಕಾರ, ನಾವೇ ಏನಾದರೂ ಸರಿಮಾಡಬೇಕು. 5.7.26 ಅಂದರೆ, ಈ ಮೇಲ್ ನಿಜವಾಗಿ ನಿಮ್ಮದೇ ಅನ್ನುವುದಕ್ಕೆ ಗುರುತು ಸಿಗಲಿಲ್ಲ ಅಂತ ಜಿಮೇಲ್ ಹೇಳುತ್ತಿದೆ.

ನಿಮ್ಮ ಎಪಿಎಂಸಿಯನ್ನೇ ನೆನೆಸಿಕೊಳ್ಳಿ. ಒಂದು ಗಾಡಿ ಬಂದು, ಇಂಥವರ ಬೆಲ್ಲ ತಂದಿದ್ದೇನೆ ಅನ್ನುತ್ತದೆ. ಗೇಟಿನವರ ಹತ್ತಿರ ನೀವು ಕೊಟ್ಟ ಗಾಡಿ ನಂಬರ್‌ಗಳ ಪಟ್ಟಿ ಇದ್ದರೆ ನೋಡಿ ಬಿಡುತ್ತಾರೆ. ಆ ಪಟ್ಟಿಯೇ ಎಸ್‌ಪಿಎಫ್. ಮೂಟೆಗೆ ನೀವು ಹಾಕಿದ ಸೀಲ್ ಇದ್ದ ಹಾಗೆ ಡಿಕಿಮ್. ದಾರಿಯಲ್ಲಿ ಯಾರಾದರೂ ಒಳಗಿನದನ್ನು ಬದಲಾಯಿಸಿದರೆ ಸೀಲ್ ಹೊಂದುವುದಿಲ್ಲ. ಎರಡೂ ತಾಳೆಯಾಗದಿದ್ದರೆ ಏನು ಮಾಡಬೇಕು ಅಂತ ನೀವು ಬರೆದಿಡುವ ಸೂಚನೆ ಡಿಮಾರ್ಕ್. ನೀವು ಗಾಡಿ, ಅಂದರೆ ಹೋಸ್ಟಿಂಗ್ ಕಂಪನಿ ಬದಲಾಯಿಸಿದಿರಿ, ಗೇಟಿನಲ್ಲಿರುವ ಪಟ್ಟಿ ಮಾತ್ರ ಹಳೆಯದೇ.

2024ರ ಫೆಬ್ರವರಿಯಿಂದ ಜಿಮೇಲ್ ಈ ನಿಯಮವನ್ನು ಬಿಗಿ ಮಾಡಿದೆ. ಎಸ್‌ಪಿಎಫ್ ಅಥವಾ ಡಿಕಿಮ್, ಎರಡರಲ್ಲಿ ಒಂದಾದರೂ ಎಲ್ಲರಿಗೂ ಬೇಕು. ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಮೂರೂ ಬೇಕು. ನಿಮ್ಮಂಥವರಿಗೂ ಮೂರನ್ನೂ ಮಾಡಿಸಿಕೊಳ್ಳಿ ಅಂತಲೇ ನಾನು ಹೇಳುತ್ತೇನೆ, ಏಕೆಂದರೆ ನಿಮ್ಮ ಹೆಸರಿನಲ್ಲಿ ಬೇರೆಯವರು ಸುಳ್ಳು ಬಿಲ್ ಕಳಿಸುವುದಕ್ಕೂ ಇದು ತಡೆ.

ಹೊಸ ಕಂಪನಿಯವರಿಂದ ಎಸ್‌ಪಿಎಫ್ ಸಾಲು, ಡಿಕಿಮ್ ಕೀಲಿ ಕೇಳಿ ಪಡೆಯಿರಿ. ಡೊಮೇನ್ ಖಾತೆಯೊಳಗೆ ಇಂಥ ಸಾಲುಗಳನ್ನು ಬರೆದಿಡುವ ಡಿಎನ್‌ಎಸ್ ಪುಟದಲ್ಲಿ ಅವನ್ನು ಹಾಕಬೇಕು. ಇಲ್ಲಿ ತುಂಬ ಜನ ಒಂದು ತಪ್ಪು ಮಾಡುತ್ತಾರೆ. ಹಳೆ ಎಸ್‌ಪಿಎಫ್ ಸಾಲನ್ನು ಹಾಗೇ ಬಿಟ್ಟು ಇನ್ನೊಂದು ಸೇರಿಸುತ್ತಾರೆ. ಒಂದು ಡೊಮೇನಿಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು, ಎರಡಾದರೆ ಎರಡೂ ಲೆಕ್ಕಕ್ಕಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಬೇರೆ ಕಡೆಯಿಂದ ಮೇಲ್ ಕಳಿಸುತ್ತಿದ್ದರೆ ಅದನ್ನೂ ಅದೇ ಸಾಲಿನೊಳಗೆ ಸೇರಿಸಿ.

ಬದಲಾವಣೆ ಎಲ್ಲ ಕಡೆ ತಲುಪಲು ಕೆಲವು ಗಂಟೆ, ಕೆಲವೊಮ್ಮೆ ಒಂದು ದಿನ ಆಗಬಹುದು. ಆಮೇಲೆ ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಕಳಿಸಿ, ಕಂಪ್ಯೂಟರ್‌ನಲ್ಲಿ ತೆರೆಯಿರಿ. ಬಲಗಡೆಯ ಮೂರು ಚುಕ್ಕೆ ಒತ್ತಿದರೆ ಶೋ ಒರಿಜಿನಲ್ ಅಂತ ಬರುತ್ತದೆ. ಅದರೊಳಗೆ ಮೇಲುಗಡೆಯೇ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ಪಾಸ್ ಅಂತ ಕಾಣಬೇಕು. ಆದರೂ ಮೊದಮೊದಲು ಕೆಲವು ಸ್ಪ್ಯಾಮ್‌ಗೆ ಹೋಗಬಹುದು. ಖಾಯಂ ಗಿರಾಕಿಗಳಿಗೆ ಫೋನ್ ಮಾಡಿ, ಸ್ಪ್ಯಾಮ್ ಅಲ್ಲ ಅಂತ ಒತ್ತಲು ಹೇಳಿ.

ಪ್ರಶ್ನೆ: 22 ಎಂಬಿ ಇರುವ ನಕ್ಷೆ ಕಳಿಸಿದರೆ ವಾಪಸ್ ಬರುತ್ತದೆ. ಮಿತಿ 25 ಎಂಬಿ ಅಲ್ವಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಫೈಲನ್ನು ಮೇಲ್‌ಗೆ ಲಗತ್ತಿಸುವಾಗ ಅದು ಅಕ್ಷರಗಳ ರೂಪಕ್ಕೆ ಬದಲಾಗುತ್ತದೆ, ಗಾತ್ರ ಸುಮಾರು ಮೂರನೇ ಒಂದು ಭಾಗ ಹೆಚ್ಚುತ್ತದೆ. ನಿಮ್ಮ 22 ಹೋಗುವಾಗ 29 ದಾಟುತ್ತದೆ. ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕಳಿಸಿ.

ಪ್ರಶ್ನೆ: ಬೀಟೆ ಮರದ ಕೆತ್ತನೆ ವಸ್ತುಗಳನ್ನು ಹೊರಗೆ ಕಳಿಸುತ್ತೇವೆ. ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇಲ್ಲಿಗೆ ಹಾಕಿ ಅಂತ ನಮ್ಮದೇ ವಿಳಾಸದಿಂದ ಗ್ರಾಹಕರೊಬ್ಬರಿಗೆ ಮೇಲ್ ಹೋಗಿದೆ. ನಾವು ಕಳಿಸಿಲ್ಲ. ಪಾಸ್‌ವರ್ಡ್ ಬದಲಾಯಿಸಿದ್ದೇವೆ. ಅಷ್ಟು ಸಾಕಾ?
– ಓದುಗರು, ಮೈಸೂರು

ಉತ್ತರ: ಸಾಲದು. ದಯವಿಟ್ಟು ಇದನ್ನು ಓದಿದ ಕೂಡಲೇ ಗ್ರಾಹಕರಿಗೆ ಫೋನ್ ಮಾಡಿ, ಮೇಲ್ ಮಾಡಬೇಡಿ. ನಿಮ್ಮ ಮೇಲ್ ಇನ್ನೂ ಬೇರೆಯವರು ಓದುತ್ತಿರಬಹುದು. ಹಣ ಹೋಗಿದ್ದರೆ ಅವರು ತಮ್ಮ ಬ್ಯಾಂಕಿಗೆ ಈಗಲೇ ತಿಳಿಸಬೇಕು. ಭಾರತದೊಳಗಿನ ಗ್ರಾಹಕರಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಲಿ. ಇಂಥ ದೂರಿನಲ್ಲಿ ಗಂಟೆ ಗಂಟೆಯೂ ಮುಖ್ಯ.

ಇನ್ನು ನಿಮ್ಮ ಕಡೆ. ಮೊದಲು ಹೇಳಿದ ವೆಬ್‌ಮೇಲ್ ಇಲ್ಲಿಯೂ ಬೇಕು. ಲಾಗಿನ್ ಆಗಿ ಸೆಟ್ಟಿಂಗ್‌ನಲ್ಲಿ ಫಿಲ್ಟರ್, ಫಾರ್ವರ್ಡಿಂಗ್ ಎರಡನ್ನೂ ತೆರೆಯಿರಿ. ಒಳಗೆ ನುಗ್ಗಿದವರು ಅಲ್ಲೊಂದು ನಿಯಮ ಬರೆದಿಟ್ಟು ಹೋಗಿರುತ್ತಾರೆ: ಪೇಮೆಂಟ್, ಇನ್‌ವಾಯ್ಸ್ ಎಂಬ ಪದ ಇರುವ ಮೇಲ್ ಬಂದರೆ ಒಂದು ಪ್ರತಿ ಅವರಿಗೆ ಹೋಗಲಿ, ಇಲ್ಲಿಯದು ಯಾರೂ ನೋಡದ ಫೋಲ್ಡರಿಗೆ ಬೀಳಲಿ ಅಂತ. ಗ್ರಾಹಕರು ತಿರುಗಿ ಕೇಳಿದ್ದು ನಿಮ್ಮ ಕಣ್ಣಿಗೆ ಬೀಳದೇ ಇರುವುದು ಹೀಗೆ. ಪಾಸ್‌ವರ್ಡ್ ಬದಲಾಯಿಸಿದರೂ ಆ ನಿಯಮ ಹೋಗುವುದಿಲ್ಲ. ಅದರ ಹೆಸರು ಎಷ್ಟೋ ಸಲ ಬರೀ ಒಂದು ಚುಕ್ಕೆ ಆಗಿರುತ್ತದೆ, ಪಟ್ಟಿಯಲ್ಲಿ ಖಾಲಿ ಸಾಲಿನ ಹಾಗೆ ಕಾಣುತ್ತದೆ. ಅದನ್ನು ಮೊದಲು ಫೋಟೊ ತೆಗೆದುಕೊಳ್ಳಿ, ದೂರಿಗೆ ಬೇಕಾಗುತ್ತದೆ. ಆಮೇಲೆ ಅಳಿಸಿ.

ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿಸಿ. ಅನುಮಾನ ಇರುವ ಕಂಪ್ಯೂಟರ್ ಬಿಟ್ಟು ಬೇರೆ ಫೋನಿನಿಂದ ಪಾಸ್‌ವರ್ಡನ್ನು ಇನ್ನೊಮ್ಮೆ ಬದಲಾಯಿಸಿ, ಎರಡು ಹಂತದ ದೃಢೀಕರಣ ಹಾಕಿ. ಡೊಮೇನ್ ಖಾತೆಯ ಪಾಸ್‌ವರ್ಡನ್ನೂ ಇದರ ಜೊತೆಗೇ ಬದಲಾಯಿಸಿ. ಅದು ಅವರ ಕೈಗೆ ಸಿಕ್ಕರೆ ನಿಮ್ಮ ಮೇಲ್ ಪೂರ್ತಿ ಬೇರೆ ಸರ್ವರಿಗೆ ತಿರುಗಿಸಬಹುದು. ಆಫೀಸಿನಲ್ಲಿ ಇನ್ನೂ ನಾಲ್ಕು ಜನರ ಮೇಲ್ ಇದ್ದರೆ, ಆ ನಾಲ್ಕರ ಫಿಲ್ಟರ್ ಪುಟವನ್ನೂ ಇವತ್ತೇ ತೆರೆದು ನೋಡಿ.