8+8 ಜಿಬಿ ಜೊತೆ ಮೂರನೇ ರ‍್ಯಾಮ್ ಹಾಕಿದ ಮೇಲೆ ಗೇಮ್ ಜರ್ಕ್ ಹೊಡೆಯುತ್ತಿದೆ, ನೀಲಿ ಪರದೆಯೂ ಬರುತ್ತಿದೆ. ಹೊಸ ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಳ್ಳಬೇಕಾ?

ಈಗಲೇ ಬೇಡ. ನೀವು ಕೊಟ್ಟ ವಿವರ ಇಷ್ಟು: ದಾವಣಗೆರೆ ವಿದ್ಯಾನಗರದಲ್ಲಿ ಮನೆ, ರೈಜೆನ್ 5 5600, ಬಿ450 ಮದರ್‌ಬೋರ್ಡ್, 6 ಜಿಬಿಯ ಜಿಟಿಎಕ್ಸ್ 1660 ಸೂಪರ್, 3200 ವೇಗದ 8+8 ಜಿಬಿ ಡಿಡಿಆರ್4. ಮೊನ್ನೆ ಸೆಕೆಂಡ್‌ಹ್ಯಾಂಡ್‌ನಲ್ಲಿ 2666ರ ಇನ್ನೊಂದು 8 ಜಿಬಿ ಸ್ಟಿಕ್ ಸೇರಿಸಿದ್ದೀರಿ. ಯಾವುದೋ ವಿಡಿಯೋ ನೋಡಿ ಪೇಜ್‌ಫೈಲ್ (ರ‍್ಯಾಮ್ ಸಾಲದಾಗ ನೆರವಾಗಲು ವಿಂಡೋಸ್ ಡಿಸ್ಕ್ ಮೇಲೆ ಇಡುವ ಫೈಲ್) ಆಫ್ ಮಾಡಿದ್ದೀರಿ, ರ‍್ಯಾಮ್ ಕ್ಲೀನರ್ ಕೂಡ ಹಾಕಿಕೊಂಡಿದ್ದೀರಿ. ಆಮೇಲೆ ಆಟ ತಡವರಿಸುತ್ತಿದೆ, 'ಮೆಮೊರಿ ಮ್ಯಾನೇಜ್‌ಮೆಂಟ್' ಎಂಬ ನೀಲಿ ಪರದೆ ಬರುತ್ತಿದೆ, ಕೆಲವೊಮ್ಮೆ 'ಔಟ್ ಆಫ್ ವಿಡಿಯೋ ಮೆಮೊರಿ' ಎಂದು ಆಟವೇ ಮುಚ್ಚಿಕೊಳ್ಳುತ್ತಿದೆ.

ಇವು ಮೂರೂ ಒಂದೇ ಕಾಯಿಲೆಯ ಲಕ್ಷಣಗಳು ಎಂದುಕೊಳ್ಳಬೇಡಿ. ಮದರ್‌ಬೋರ್ಡ್ ಮೇಲಿನ ರ‍್ಯಾಮ್, ವಿಂಡೋಸ್ ಲೆಕ್ಕ ಇಡುವ ಒಟ್ಟು ಮೆಮೊರಿ, ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿ, ಈ ಮೂರೂ ಬೇರೆ ಬೇರೆ. ಯಾವುದು ಕೆಟ್ಟಿದೆ, ಯಾವುದು ತುಂಬಿದೆ ಎಂದು ಗೊತ್ತಾಗದೆ ದುಡ್ಡು ಸುರಿದರೆ ಹೊಸ ಕಾರ್ಡಿನ ಮೇಲೂ ಅದೇ ನೀಲಿ ಪರದೆ ನೋಡಬೇಕಾದೀತು.

ಮೊದಲು ಮೂರನೇ ಸ್ಟಿಕ್ ತೆಗೆಯಿರಿ. ನನ್ನ ಅನುಮಾನವೆಲ್ಲ ಅದರ ಮೇಲೆಯೇ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಿಂದಿನ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಐದು ಸೆಕೆಂಡು ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಹೋಗುತ್ತದೆ. ಕ್ಯಾಬಿನೆಟ್‌ನ ಬರಿ ಲೋಹವನ್ನು ಒಮ್ಮೆ ಮುಟ್ಟಿ, ಆಮೇಲೆ ಕೈ ಹಾಕಿ. ಹಳೆಯ ಜೋಡಿಯನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ಬೋರ್ಡ್ ಮೇಲೆ ಸಾಮಾನ್ಯವಾಗಿ ಎ2, ಬಿ2 ಎಂದು ಅಚ್ಚಾಗಿರುತ್ತದೆ. ಕ್ಲಿಪ್ ಟಕ್ ಎನ್ನುವವರೆಗೆ ಒತ್ತಬೇಕು. ಅರ್ಧ ಕೂತ ಸ್ಟಿಕ್‌ನಿಂದಲೂ ಕಂಪ್ಯೂಟರ್ ಆನ್ ಆಗಿಬಿಡುತ್ತದೆ, ತೊಂದರೆ ಕೊಡುವುದು ಆಮೇಲೆ. ಚಿನ್ನದ ಬಣ್ಣದ ಪಟ್ಟಿ ಮಂಕಾಗಿದ್ದರೆ ನಮ್ಮ ಕಡೆ ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರ್‌ನಿಂದ ತಿಕ್ಕುತ್ತಾರೆ. ಕೆಲಸವೇನೋ ಆಗುತ್ತದೆ, ಆದರೆ ರಬ್ಬರ್ ಪುಡಿ ಸ್ಲಾಟ್‌ನೊಳಗೆ ಉಳಿದರೆ ಹೊಸ ತಲೆನೋವು. ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ, ನೂಲು ಬಿಡದ ಬಟ್ಟೆಯಿಂದ ಒರೆಸುವುದು ಮೇಲು.

ಮೂರನೇ ಸ್ಟಿಕ್ ಯಾಕೆ ಕಾಟ ಕೊಡುತ್ತದೆ? ಎಲ್ಲ ಸ್ಟಿಕ್‌ಗಳೂ ಒಂದೇ ವೇಗದಲ್ಲಿ ಓಡಬೇಕು. ಹಾಗಾಗಿ ಒಂದೋ ಮೂರೂ 2666ಕ್ಕೆ ಇಳಿಯುತ್ತವೆ, ಇಲ್ಲವೇ ನೀವು ಬಯೋಸ್‌ನಲ್ಲಿ (ವಿಂಡೋಸ್‌ಗೆ ಮೊದಲು ಓಡುವ ಮದರ್‌ಬೋರ್ಡ್‌ನ ಸ್ವಂತ ತಂತ್ರಾಂಶ) ಎಕ್ಸ್‌ಎಂಪಿ, ಅಂದರೆ ಸ್ಟಿಕ್ ಮೇಲೆ ಬರೆದ ಪೂರ್ತಿ ವೇಗ ಕೊಡುವ ಸೆಟ್ಟಿಂಗ್, ಆನ್ ಇಟ್ಟಿದ್ದರೆ 2666ರ ಸ್ಟಿಕ್ ಅನ್ನು ಬಲವಂತವಾಗಿ 3200ಕ್ಕೆ ಓಡಿಸಿದಂತಾಗುತ್ತದೆ. ಮೊದಲನೆಯದರಿಂದ ಜರ್ಕ್, ಎರಡನೆಯದರಿಂದ ನೀಲಿ ಪರದೆ. ರೈಜೆನ್‌ನಲ್ಲಿ ಇನ್ನೊಂದು ಏಟು ಇದೆ: ಪ್ರೊಸೆಸರ್ ಒಳಗಿನ ಇನ್ಫಿನಿಟಿ ಫ್ಯಾಬ್ರಿಕ್ ರ‍್ಯಾಮ್ ಗಡಿಯಾರದ ಜೊತೆಗೇ ಹೆಜ್ಜೆ ಹಾಕುತ್ತದೆ. 3200ಕ್ಕೆ 1600 ಮೆಗಾಹರ್ಟ್ಸ್, 2666ಕ್ಕೆ 1333. ರ‍್ಯಾಮ್ ನಿಧಾನವಾದರೆ ಅದೂ ನಿಧಾನ. ಜೊತೆಗೆ ಒಂದು ಚಾನೆಲ್‌ನಲ್ಲಿ (ಪ್ರೊಸೆಸರ್ ಮತ್ತು ರ‍್ಯಾಮ್ ನಡುವಿನ ದಾರಿ) 16, ಇನ್ನೊಂದರಲ್ಲಿ 8 ಜಿಬಿ ಇದ್ದಾಗ 16 ಜಿಬಿಯಷ್ಟು ಭಾಗ ಮಾತ್ರ ಎರಡು ಚಾನೆಲ್‌ಗಳಲ್ಲಿ ಓಡಿ, ಉಳಿದ 8 ಜಿಬಿ ಒಂದೇ ಚಾನೆಲ್‌ನ ವೇಗಕ್ಕೆ ಬೀಳುತ್ತದೆ. 3200ರಲ್ಲಿ ಎರಡು ಚಾನೆಲ್ ಎಂದರೆ ಸೆಕೆಂಡಿಗೆ 51.2 ಜಿಬಿ, ಒಂದು ಚಾನೆಲ್ ಎಂದರೆ 25.6. ಇನ್ನೊಂದು 2666 ತಂದು ನಾಲ್ಕೂ ಸ್ಲಾಟ್ ತುಂಬೋಣ ಎಂದುಕೊಂಡಿದ್ದರೆ, ಅದನ್ನೂ ಬಿಡಿ. ನಾಲ್ಕು ಸ್ಟಿಕ್ ಹಾಕಿದಾಗ ಈ ಪ್ರೊಸೆಸರ್‌ಗೆ ಎಎಂಡಿ ಹೇಳುವ ವೇಗವೇ 2933, ಡ್ಯುಯಲ್ ರ‍್ಯಾಂಕ್ (ಒಂದು ಸ್ಟಿಕ್‌ನಲ್ಲಿ ಚಿಪ್‌ಗಳ ಎರಡು ಗುಂಪು) ಆದರೆ 2667.

ಹಳೆಯ ಜೋಡಿ ಕೂರಿಸಿದ ಮೇಲೆ ಬಯೋಸ್‌ಗೆ ಹೋಗಿ ಡಿಫಾಲ್ಟ್ ಲೋಡ್ ಮಾಡಿ, ಆಮೇಲೆ ಎಕ್ಸ್‌ಎಂಪಿ (ಕೆಲವು ಬೋರ್ಡ್‌ಗಳಲ್ಲಿ ಡಿಒಸಿಪಿ ಅಥವಾ ಎ-ಎಕ್ಸ್‌ಎಂಪಿ) ಆನ್ ಮಾಡಿ. ಆನ್ ಮಾಡದಿದ್ದರೆ 3200ರ ಸ್ಟಿಕ್ ಕೂಡ 2133 ಅಥವಾ 2400, 2666ರಲ್ಲೇ ತೆವಳುತ್ತಿರುತ್ತದೆ. ವೋಲ್ಟೇಜ್ ಸಾಮಾನ್ಯವಾಗಿ 1.35 ತೋರಿಸಬೇಕು. ವಿಂಡೋಸ್‌ಗೆ ಬಂದು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ: ಸ್ಪೀಡ್ 3200, ಸ್ಲಾಟ್ 2/4, 'ಹಾರ್ಡ್‌ವೇರ್ ರಿಸರ್ವ್ಡ್' ಕೆಲವು ನೂರು ಎಂಬಿಯೊಳಗೆ. ಅಲ್ಲಿ ಜಿಬಿಗಟ್ಟಲೆ ಕಂಡರೆ ಸ್ಟಿಕ್ ಸರಿಯಾಗಿ ಕೂತಿಲ್ಲದೆ ಇರಬಹುದು. ಸಿಪಿಯು-ಝಡ್ ಎಂಬ ಪ್ರೋಗ್ರಾಂನಲ್ಲಿ ಸುಮಾರು 1600 ಎಂದು ಬಂದರೆ ಗಾಬರಿ ಬೇಡ, ಡಿಡಿಆರ್‌ನಲ್ಲಿ ಅದರ ಎರಡರಷ್ಟೇ ನಿಜವಾದ ಲೆಕ್ಕ.

ಈಗ ಪರೀಕ್ಷೆ. ವಿಂಡೋಸ್ ಜೊತೆ ಬರುವ ಮೆಮೊರಿ ಡಯಾಗ್ನೋಸ್ಟಿಕ್ ಎಷ್ಟೋ ದೋಷಗಳನ್ನು ಹಿಡಿಯುವುದಿಲ್ಲ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಬರೆದು ಅದರಿಂದ ಬೂಟ್ ಮಾಡಿ. ಉಚಿತ ಆವೃತ್ತಿಯಲ್ಲಿ ನಾಲ್ಕು ಪಾಸ್ ಓಡುತ್ತದೆ, 16 ಜಿಬಿಗೆ ಕೆಲವು ಗಂಟೆ ಬೇಕು, ರಾತ್ರಿ ಹಚ್ಚಿಟ್ಟು ಮಲಗಿ. ಒಂದೇ ಒಂದು ಎರರ್ ಬಂದರೂ ಅದು ಫೇಲ್ ಎಂದೇ ಲೆಕ್ಕ, 'ಒಂದೇ ತಾನೆ' ಎಂದು ಬಿಡುವ ಹಾಗಿಲ್ಲ. ಎರರ್ ಬಂದರೆ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಿ. ಆಗ ಸ್ವಚ್ಛವಾಗಿ ಬಂದರೆ ಸ್ಟಿಕ್ ಸತ್ತಿಲ್ಲ, ಆ ವೇಗ ತಡೆಯುತ್ತಿಲ್ಲ ಅಷ್ಟೆ. ವೇಗವನ್ನು ಕೈಯಾರೆ 2933ಕ್ಕೆ ಇಳಿಸಿ ನೋಡಿ. ಆಗಲೂ ಎರರ್ ಬಂದರೆ ಒಂದೊಂದೇ ಸ್ಟಿಕ್ ಅನ್ನು ಒಂದೇ ಸ್ಲಾಟ್‌ನಲ್ಲಿಟ್ಟು ಪರೀಕ್ಷಿಸಿ. ಎರರ್ ಸ್ಟಿಕ್ ಜೊತೆ ಹೋದರೆ ಸ್ಟಿಕ್ ಕೆಟ್ಟಿದೆ, ಯಾವ ಸ್ಟಿಕ್ ಹಾಕಿದರೂ ಅದೇ ಸ್ಲಾಟ್‌ನಲ್ಲಿ ಬಂದರೆ ಬೋರ್ಡ್ ಕಡೆ ನೋಡಬೇಕು. ಸೆಕೆಂಡ್‌ಹ್ಯಾಂಡ್ ಸ್ಟಿಕ್ ಅನ್ನೂ ಒಂಟಿಯಾಗಿ ಪರೀಕ್ಷಿಸಿ, ಕೆಂಪು ಸಾಲು ಬಂದ ಪರದೆಯ ಫೋಟೋ ತೆಗೆದಿಡಿ. ಮಾರಿದವರ ಹತ್ತಿರ ಮಾತಾಡುವಾಗ ಬೇಕಾಗುತ್ತದೆ.

ಬಹಳ ಜನ ಮರೆಯುವ ಒಂದು ವಿಷಯವಿದೆ. ಕೆಟ್ಟ ರ‍್ಯಾಮ್ ಇದ್ದಷ್ಟು ದಿನ ಅದರ ಮೂಲಕ ಹಾದು ಡಿಸ್ಕ್‌ಗೆ ಹೋದ ಫೈಲ್‌ಗಳೂ ಕೆಟ್ಟಿರಬಹುದು. ಸ್ಟಿಕ್ ತೆಗೆದ ಮೇಲೂ ಆಟ ಕ್ರ್ಯಾಶ್ ಆದರೆ ಇದೇ ಕಾರಣವಿರಬಹುದು. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ವಿಂಡೋಸ್ ಫೈಲ್‌ಗಳನ್ನು ಪರೀಕ್ಷಿಸಿ ಸರಿಪಡಿಸುವ ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿ, ಸ್ಟೀಮ್‌ನಲ್ಲಿ ಆಟದ ಫೈಲ್ ವೆರಿಫೈ ಮಾಡಿ.

ಇನ್ನು ಪೇಜ್‌ಫೈಲ್. '16 ಜಿಬಿ ಇದೆ, ಪೇಜ್‌ಫೈಲ್ ಯಾಕೆ?' ಎನ್ನುವ ಸಲಹೆಯನ್ನು ನಾನು ಒಪ್ಪುವುದೇ ಇಲ್ಲ. ಆಟ ಮೆಮೊರಿ ಕೇಳಿದಾಗ ವಿಂಡೋಸ್ ಅಷ್ಟನ್ನೂ ಕೊಡುತ್ತೇನೆ ಎಂದು ಮಾತು ಕೊಡುತ್ತದೆ. ಆಟ ಅದರಲ್ಲಿ ಅರ್ಧ ಬಳಸಿದರೂ ಲೆಕ್ಕದಲ್ಲಿ ಪೂರ್ತಿ ಬರೆದಾಗಿದೆ. ಹೀಗೆ ಕೊಟ್ಟ ಮಾತಿನ ಮೊತ್ತವೇ 'ಕಮಿಟೆಡ್'. ಅದರ ಮಿತಿ ಹೆಚ್ಚುಕಡಿಮೆ ರ‍್ಯಾಮ್ ಮತ್ತು ಪೇಜ್‌ಫೈಲ್ ಎರಡೂ ಸೇರಿದಷ್ಟು. ಪೇಜ್‌ಫೈಲ್ ತೆಗೆದರೆ ಮಿತಿ 16ಕ್ಕೆ ನಿಲ್ಲುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ 4 ಜಿಬಿ ಖಾಲಿ ಕಾಣುತ್ತಿರುವಾಗಲೇ ಆಟಕ್ಕೆ 'ಇಲ್ಲ' ಎಂಬ ಉತ್ತರ ಹೋಗುತ್ತದೆ, ಆಟ ಮುಚ್ಚುತ್ತದೆ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಗಾಗಿ ಕೇಳಿದ್ದೂ ಇದೇ ಲೆಕ್ಕಕ್ಕೆ ಬರುವುದರಿಂದ, ನಿಮ್ಮ 'ಔಟ್ ಆಫ್ ವಿಡಿಯೋ ಮೆಮೊರಿ' ಸಂದೇಶದ ಮೂಲ ಕಾರ್ಡ್ ಅಲ್ಲದೆ ಇದೇ ಇರಬಹುದು. ಸ್ಟಾರ್ಟ್‌ನಲ್ಲಿ 'ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್' ಹುಡುಕಿ, ಪರ್ಫಾರ್ಮೆನ್ಸ್, ಅಡ್ವಾನ್ಸ್ಡ್, ವರ್ಚುವಲ್ ಮೆಮೊರಿ ಹೀಗೆ ಹೋಗಿ, ವಿಂಡೋಸ್ ತಾನೇ ನೋಡಿಕೊಳ್ಳುವ ಆಯ್ಕೆಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ. ಪೇಜ್‌ಫೈಲ್ ಎಸ್‌ಎಸ್‌ಡಿ ಮೇಲಿರಲಿ, ಅಲ್ಲಿ 25-30 ಜಿಬಿ ಖಾಲಿ ಇರಲಿ. ಹಿಂದೆ ಮೆಮೊರಿ ಸಾಲದೆ ಹೋದದ್ದು ನಿಜವೇ ಎಂದು ತಿಳಿಯಲು ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 2004 ಎಂಬ ಸಂಖ್ಯೆ ಹುಡುಕಿ. ಆಗ ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಹಿಡಿದಿತ್ತು ಎಂಬುದೂ ಅಲ್ಲೇ ಬರೆದಿರುತ್ತದೆ.

ರ‍್ಯಾಮ್ ಕ್ಲೀನರ್ ಅನ್ನು ಇವತ್ತೇ ಅಳಿಸಿ. ಅದು ಬಳಕೆಯಲ್ಲಿರುವ ಮೆಮೊರಿಯನ್ನೂ ಹೊರಗೆ ತಳ್ಳುತ್ತದೆ. ಅಂಕಿ ಕಡಿಮೆಯಾಗಿ ಕಾಣುತ್ತದೆ ನಿಜ, ಆದರೆ ಮರುಕ್ಷಣ ಆಟ ಅದನ್ನೆಲ್ಲ ವಾಪಸ್ ಕರೆಸಿಕೊಳ್ಳಬೇಕು, ಆಗ ಜರ್ಕ್.

ಗ್ರಾಫಿಕ್ಸ್ ಮೆಮೊರಿ ನೋಡಲು ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿ, ಪರದೆಯ ಮೂಲೆಯಲ್ಲಿ ಫ್ರೇಮ್ ಟೈಮ್ ಗ್ರಾಫ್, ರ‍್ಯಾಮ್, ವಿಡಿಯೋ ಮೆಮೊರಿ, ಬಿಸಿ ಇಷ್ಟನ್ನು ತೋರಿಸುವಂತೆ ಮಾಡಿ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಸರಾಸರಿಯನ್ನು ಮಾತ್ರ ನಂಬಬೇಡಿ. 60 ಎಫ್‌ಪಿಎಸ್ ಎಂದರೆ ಪ್ರತಿ ಫ್ರೇಮ್‌ಗೆ 16.7 ಮಿಲಿಸೆಕೆಂಡ್, ನಡುವೆ ಒಂದು ಫ್ರೇಮ್ 80 ಮಿಲಿಸೆಕೆಂಡ್ ತೆಗೆದುಕೊಂಡರೆ ಕಣ್ಣಿಗೆ ಹೊಡೆಯುತ್ತದೆ, ಸರಾಸರಿಯಲ್ಲಿ ಮಾತ್ರ ಕಾಣುವುದೇ ಇಲ್ಲ. 1660 ಸೂಪರ್‌ನಲ್ಲಿ ಬಳಕೆ 5.5 ಜಿಬಿ ಆಸುಪಾಸಿಗೆ ಅಂಟಿಕೊಂಡು, ಟಾಸ್ಕ್ ಮ್ಯಾನೇಜರ್‌ನ 'ಶೇರ್ಡ್ ಜಿಪಿಯು ಮೆಮೊರಿ' ಏರುತ್ತಿದ್ದರೆ ಕಾರ್ಡ್ ತುಂಬಿ ರ‍್ಯಾಮ್‌ಗೆ ಸುರಿಯುತ್ತಿದೆ ಎಂದರ್ಥ. ಆಗ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ, ಆಟ ಮುಚ್ಚಿ ಮತ್ತೆ ತೆರೆಯಿರಿ. ನೆರಳು, ಹುಲ್ಲು ಎಲ್ಲ ಲೋ ಮಾಡಿ ಟೆಕ್ಸ್‌ಚರ್ ಅಲ್ಟ್ರಾದಲ್ಲೇ ಬಿಟ್ಟರೆ ದೊಡ್ಡ ಪ್ರಯೋಜನವಿಲ್ಲ.

ಇಷ್ಟಾದ ಮೇಲೂ ಜರ್ಕ್ ಉಳಿದರೆ ಅದು ಯಾವಾಗ ಬರುತ್ತದೆ ಎಂದು ಗಮನಿಸಿ. ಹೊಸ ಜಾಗಕ್ಕೆ ಮೊದಲ ಸಲ ಕಾಲಿಟ್ಟಾಗ ಬಂದು ಎರಡನೇ ಸಲ ಬರದಿದ್ದರೆ ಶೇಡರ್ (ಬೆಳಕು, ಬಣ್ಣ ಮೂಡಿಸುವ ಚಿಕ್ಕ ಪ್ರೋಗ್ರಾಂ) ಕಂಪೈಲ್ ಆಗುತ್ತಿದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಶೇಡರ್ ಕ್ಯಾಶ್ ಅನ್ನು 10 ಜಿಬಿಗೆ ಏರಿಸಿ, ಡ್ರೈವರ್ ಬದಲಿಸಿದ ಮೇಲೆ ಮೊದಲ ದಿನ ಸ್ವಲ್ಪ ತಾಳಿಕೊಳ್ಳಿ. ಚಿತ್ರ ನಯವಾಗಿದ್ದು ಪಾತ್ರ ಮಾತ್ರ ಹಿಂದಕ್ಕೆ ಎಳೆದಂತಾದರೆ ಅದು ನೆಟ್‌ವರ್ಕ್, ರ‍್ಯಾಮ್‌ಗೆ ಸಂಬಂಧವಿಲ್ಲ. ಓಪನ್ ವರ್ಲ್ಡ್ ಆಟದಲ್ಲಿ ವೇಗವಾಗಿ ಗಾಡಿ ಓಡಿಸುವಾಗ ಮಾತ್ರ ಬಂದರೆ, ಆಟ ಹಾರ್ಡ್‌ಡಿಸ್ಕ್ ಮೇಲಿದೆಯೇ ನೋಡಿ, ಎಸ್‌ಎಸ್‌ಡಿಗೆ ಸರಿಸಿ.

ಆದರೆ ಇಡೀ ಕಂಪ್ಯೂಟರ್, ಶಬ್ದವೂ ಸೇರಿ, ಒಂದೆರಡು ಸೆಕೆಂಡು ಗರಗರ ಎಂದು ನಿಂತು ಮುಂದುವರಿದರೆ, ಅದೂ ದಿನಕ್ಕೆ ಕೆಲವೇ ಸಲ, ಆಟ ಇಲ್ಲದಾಗಲೂ ಬಂದರೆ, ಎಎಂಡಿಯ ಎಫ್‌ಟಿಪಿಎಂ (ಪ್ರೊಸೆಸರ್‌ನಲ್ಲೇ ಇರುವ ಭದ್ರತಾ ವ್ಯವಸ್ಥೆ) ತೊಂದರೆಯನ್ನು ಶಂಕಿಸಿ. 2022ರ ಮಾರ್ಚ್‌ನಲ್ಲಿ ಎಎಂಡಿ ಇದನ್ನು ಒಪ್ಪಿಕೊಂಡು, ಅಜೆಸಾ (ಬಯೋಸ್‌ನೊಳಗಿನ ಎಎಂಡಿ ತಂತ್ರಾಂಶ) 1.2.0.7 ಇರುವ ಬಯೋಸ್‌ನಲ್ಲಿ ಸರಿಪಡಿಸಿತು. ಬಿ450 ಬೋರ್ಡ್‌ಗಳಲ್ಲಿ ಹಳೆಯ ಬಯೋಸ್ ಹಾಗೇ ಉಳಿದಿರುವುದು ಸಾಮಾನ್ಯ. ಅಪ್‌ಡೇಟ್‌ಗೆ ಮೊದಲು ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ, ಟಿಪಿಎಂ ರೀಸೆಟ್ ಆದರೆ ವಿಂಡೋಸ್ ಅದನ್ನು ಕೇಳುತ್ತದೆ. ಬಯೋಸ್ ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಆದ್ದರಿಂದ ಯುಪಿಎಸ್ ಮೇಲೆಯೇ ಮಾಡಿ, ಮಳೆ ಗಾಳಿಯ ಸಂಜೆ ಬೇಡ.

ಯುಪಿಎಸ್ ಮಾತು ಬಂತಲ್ಲ: ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ನಿಮ್ಮ ಯಂತ್ರ, ಮಾನಿಟರ್ ಸೇರಿ ಆಟದಲ್ಲಿ 250-300 ಎಳೆಯಬಹುದು. ಬ್ಯಾಟರಿ ಹಳೆಯದಾಗಿದ್ದರೆ ಕರೆಂಟ್ ಹೋದ ಕ್ಷಣದಲ್ಲೇ ಎಲ್ಲ ಆಫ್. ಅಂಥದ್ದು ಇವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಎಂದು ದಾಖಲಾಗುತ್ತದೆ. ಜರ್ಕ್‌ಗೆ ಯುಪಿಎಸ್ ಕಾರಣವಲ್ಲ, ದಿಢೀರ್ ಆಫ್ ಆಗುವುದಕ್ಕೆ ಮಾತ್ರ ಅದನ್ನು ಅನುಮಾನಿಸಿ.

ಬಿಸಿಯನ್ನೂ ನೋಡಿ. ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಕುಂಟುವ ಯಂತ್ರದಲ್ಲಿ ಇದು ಸಾಮಾನ್ಯ ಕಾರಣ. ರೈಜೆನ್ 5 5600ಗೆ ಮಿತಿ 90 ಡಿಗ್ರಿ. ಡಬ್ಬಿಯ ಜೊತೆ ಬರುವ ವ್ರೈತ್ ಸ್ಟೆಲ್ತ್ ಚಿಕ್ಕ ಕೂಲರ್, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಕೋಣೆಯಲ್ಲಿ ಅದಕ್ಕೆ ಕಷ್ಟವೇ. ಚಿತ್ರದುರ್ಗದ ಕಡೆ ಆಷಾಢದ ಗಾಳಿ ಧೂಳು ತಂದು ತುಂಬುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆಯಿದ್ದರೆ ಧೂಳಿನ ಜೊತೆ ಮಸಿಯೂ ಸೇರಿ ಕೂಲರ್‌ನ ಲೋಹದ ಫಿನ್‌ಗಳಿಗೆ ಅಂಟುತ್ತದೆ, ಬರಿ ಗಾಳಿ ಊದಿದರೆ ಬಿಡುವುದಿಲ್ಲ, ಬ್ರಷ್ ಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆದು ಹಿಡಿಯಿರಿ, ಜೋರಾಗಿ ತಿರುಗಿದರೆ ಬೇರಿಂಗ್ ಹಾಳು. ಕ್ಯಾಬಿನೆಟ್ ಅನ್ನು ಮೇಜಿನ ಗೂಡಿನೊಳಗೆ ತುರುಕಿದ್ದರೆ ಹೊರಗೆ ತನ್ನಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಆಟದ ಅದೇ ಜಾಗದಲ್ಲಿ ಹತ್ತು ನಿಮಿಷ ಆಡಿ ನೋಡಿ. 16 ಜಿಬಿಯಲ್ಲಿ ಎಲ್ಲ ಸರಿಯಾಗಿದ್ದೂ ಕಮಿಟೆಡ್ ಅಂಕಿ ಸದಾ 20 ದಾಟುತ್ತಿದ್ದರೆ, ಆಗ 32 ಜಿಬಿಗೆ ಹೋಗುವುದರಲ್ಲಿ ಅರ್ಥವಿದೆ. ಒಂದೇ ಡಬ್ಬಿಯಲ್ಲಿ ಬರುವ 16+16 ಜೋಡಿಯನ್ನೇ ಕೇಳಿ, 3200, ಸಿಎಲ್16 (ರ‍್ಯಾಮ್ ಉತ್ತರಿಸಲು ತೆಗೆದುಕೊಳ್ಳುವ ತಡದ ಅಳತೆ). ಬಿಲ್ ಸಮೇತ ಹೊಸದನ್ನೇ ತೆಗೆದುಕೊಳ್ಳಿ, ರ‍್ಯಾಮ್‌ಗೆ ವಾರಂಟಿ ಉದ್ದ ಇರುತ್ತದೆ. ಹಳೆಯ 8+8 ಅನ್ನು ಬಿಡಿಸದೆ ಜೋಡಿಯಾಗಿಯೇ ಮಾರಿ.

ಮೆಮ್‌ಟೆಸ್ಟ್ ಫಲಿತಾಂಶ, ಆಟ ಓಡುವಾಗಿನ ಕಮಿಟೆಡ್ ಅಂಕಿ, ವಿಡಿಯೋ ಮೆಮೊರಿ ಬಳಕೆ, ಬಯೋಸ್ ಆವೃತ್ತಿ, ಈ ನಾಲ್ಕನ್ನು ಬರೆದು ಹಾಕಿ. ಗ್ರಾಫಿಕ್ಸ್ ಕಾರ್ಡ್ ನಿಜವಾಗಿ ಬೇಕೇ ಬೇಡವೇ ಎಂಬುದನ್ನು ಅವುಗಳ ಮೇಲೆ ಹೇಳುತ್ತೇನೆ.