ಯೂನಿವರ್ಸಲ್ ರಿಮೋಟ್‌ನಲ್ಲಿ ಒಂದೇ ಬಟನ್ ಒತ್ತಿ ನೇರವಾಗಿ ಎಚ್‌ಡಿಎಂಐ 2ಕ್ಕೆ ಹೋಗುವುದು ಹೇಗೆ?

ಟಿವಿಯ ಮೂಲ ರಿಮೋಟ್‌ನ ಇನ್‌ಪುಟ್ ಬಟನ್ನನ್ನು ಯೂನಿವರ್ಸಲ್ ರಿಮೋಟ್‌ಗೆ ಕಲಿಸಿದರೆ, ಅಂದರೆ ಅದರ ಸಿಗ್ನಲ್ ನಕಲು ಮಾಡಿಸಿದರೆ, ಇನ್‌ಪುಟ್‌ಗಳ ಪಟ್ಟಿ ತೆರೆಯುತ್ತದೆ, ಅಷ್ಟೇ. ನಿಮಗೆ ಬೇಕಿರುವುದು ಆ ಇನ್‌ಪುಟ್‌ಗೆಂದೇ ಇರುವ ಪ್ರತ್ಯೇಕ ಐಆರ್ (ಇನ್‌ಫ್ರಾರೆಡ್, ರಿಮೋಟ್ ಕಳಿಸುವ ಕಣ್ಣಿಗೆ ಕಾಣದ ಬೆಳಕು) ಕೋಡ್. ರಿಮೋಟ್‌ನಲ್ಲಿ ಬಟನ್ ಇಲ್ಲದಿದ್ದರೂ ಅನೇಕ ಟಿವಿಗಳು ಇಂಥ ಕೋಡ್‌ಗೆ ಸ್ಪಂದಿಸುತ್ತವೆ. ಉದಾಹರಣೆಗೆ ಎಲ್‌ಜಿಯ ಬಹಳಷ್ಟು ಮಾದರಿಗಳಲ್ಲಿ ಎನ್‌ಇಸಿ ಪ್ರೋಟೋಕಾಲ್ (ರಿಮೋಟ್ ಸಿಗ್ನಲ್‌ನ ಒಂದು ವಿಧಾನ), ವಿಳಾಸ 04. ಎಚ್‌ಡಿಎಂಐ 1ಕ್ಕೆ ಹೆಕ್ಸ್ (16ರ ಆಧಾರದ ಸಂಖ್ಯೆ) ಸಿಇ, 2ಕ್ಕೆ ಸಿಸಿ, 3ಕ್ಕೆ ಇ9.

ಕೋಡ್ ಸಿಕ್ಕಮೇಲೆ, ಐಆರ್ ಇರುವ ಫೋನಿನ ಆ್ಯಪ್‌ಗೆ ಅದನ್ನು ಕೊಟ್ಟು ಮೊದಲು ಟಿವಿಯ ಮೇಲೇ ಪರೀಕ್ಷಿಸಿ. ಕೆಲಸ ಮಾಡಿದರೆ ಯೂನಿವರ್ಸಲ್ ರಿಮೋಟನ್ನು ಲರ್ನಿಂಗ್ ಮೋಡ್‌ಗೆ ಹಾಕಿ, ಖಾಲಿ ಬಟನ್ ಆರಿಸಿ, ಫೋನನ್ನು 2ರಿಂದ 5 ಸೆಂ.ಮೀ. ದೂರದಲ್ಲಿ ಎದುರಿಗೆ ಹಿಡಿದು ಕಳುಹಿಸಿ. ಬಿಸಿಲಿನಲ್ಲಿ, ಸಿಎಫ್‌ಎಲ್ ದೀಪದ ಕೆಳಗೆ ಕಲಿಸಬೇಡಿ, ಸಿಗ್ನಲ್ ಕೆಡುತ್ತದೆ. ಬ್ಯಾಟರಿ ಸೋತಿದ್ದರೂ ಹಾಗೆಯೇ.

ನಿಮ್ಮ ಟಿವಿಗೆ ಇಂಥ ಕೋಡ್ ಇಲ್ಲದಿದ್ದರೆ ಮಾತ್ರ ಮ್ಯಾಕ್ರೋ, ಅಂದರೆ ಒಂದೇ ಬಟನ್‌ಗೆ ಹಲವು ಒತ್ತುಗಳನ್ನು ಸಾಲಾಗಿ ಜೋಡಿಸುವುದು. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಹಲವು ಟಿವಿಗಳಲ್ಲಿ ಪಟ್ಟಿ ಈಗಿರುವ ಇನ್‌ಪುಟ್‌ನಿಂದಲೇ ಶುರುವಾಗುತ್ತದೆ, ಹಾಗಾಗಿ 'ಕೆಳಗೆ ಎರಡು ಸಲ' ಪ್ರತಿಬಾರಿ ಬೇರೆ ಕಡೆ ತಲುಪುತ್ತದೆ. ಆದ್ದರಿಂದ ಮ್ಯಾಕ್ರೋದ ಮೊದಲ ಹೆಜ್ಜೆಯಾಗಿ ಟಿವಿ ಬಟನ್ ಅಥವಾ ಒಂದು ಚಾನೆಲ್ ಸಂಖ್ಯೆ ಇಡಿ. ಅದರಿಂದ ಟಿವಿ ಟ್ಯೂನರ್‌ಗೆ (ಚಾನೆಲ್ ಹಿಡಿಯುವ ಇನ್‌ಪುಟ್‌ಗೆ) ಮರಳಿದರೆ ಎಣಿಕೆಗೆ ಸ್ಥಿರ ಆರಂಭ ಸಿಗುತ್ತದೆ. ನಂತರ 2 ಸೆಕೆಂಡ್ ವಿರಾಮ, ಇನ್‌ಪುಟ್, 1 ಸೆಕೆಂಡ್ ವಿರಾಮ, ಬಾಣದ ಒತ್ತುಗಳು, ಓಕೆ. ಕೇಬಲ್ ಇಲ್ಲದ ಪೋರ್ಟನ್ನು ಪಟ್ಟಿಯಿಂದ ಬಿಡುವ ಟಿವಿಯಾದರೆ, ಸಾಧನ ಸೇರಿಸಿದಾಗಲೆಲ್ಲ ಎಣಿಕೆ ತಿದ್ದಬೇಕು.